ಕಿವಿಮಾತಪ್ಪನವರ ಕಪ್ಪು ಪರದೆ

ಆ ದಿನದ ತೊಂದರೆಗೆಲ್ಲ ಮೂಲ ಒಂದು ಕೇಕು.

ಬೆಳಿಗ್ಗೆ ಕಚೇರಿಗೆ ಕಾಲಿಟ್ಟವರಿಗೆ ಮೊದಲು ಕಾಣುತ್ತಿದ್ದುದೇ ಅದು. ಉದ್ದನೆಯ ಮೇಜಿನ ಮೇಲೆ ಮೈತುಂಬ ಬಿಳಿ ಕೆನೆ ಬಳಿದುಕೊಂಡು, ಚಾಕಲೇಟಿನ ಅಕ್ಷರಗಳಲ್ಲಿ ‘ಇನ್ನು ಕಾಯಬೇಕಿಲ್ಲ’ ಎಂದು ಬರೆಸಿಕೊಂಡು, ಮದುವಣಗಿತ್ತಿಯ ಹಾಗೆ ಕೂತಿತ್ತು. ಓದಿದವರೆಲ್ಲ ಚಪ್ಪಾಳೆ ತಟ್ಟಿದರು. ಕಿವಿಮಾತಪ್ಪನವರು ಓದಿ, ಹತ್ತಿರದಲ್ಲಿ ಕುರ್ಚಿ ಇದೆಯೇ ಎಂದು ನೋಡಿದರು.

ಅದು ಕಂಪ್ಯೂಟರ್ ಆಟ ತಯಾರಿಸುವ ಕಚೇರಿ. ಕೆಳಗಿನ ಅಂತಸ್ತಿನಲ್ಲಿ ಹಾಸಿಗೆ ಮಾರುವ ಅಂಗಡಿ, ಮೇಲಿನ ಅಂತಸ್ತಿನಲ್ಲಿ ನಿದ್ದೆಗೆಟ್ಟ ಇವರು. ಹಲವು ವರ್ಷಗಳಿಂದ ಅಲ್ಲಿ ಒಂದೇ ಆಟ ತಯಾರಾಗುತ್ತಿತ್ತು. ಅದರೊಳಗೆ ಒಂದು ಇಡೀ ಲೋಕವಿತ್ತು. ಬೆಟ್ಟ, ಹೊಳೆ, ಪೇಟೆ, ಕಾಡು, ಎಲ್ಲಿಗೆ ಬೇಕಾದರೂ ಆಡುವವರು ನಡೆದೇ ಹೋಗಬಹುದಿತ್ತು. ತೊಡಕು ಒಂದೇ. ಒಂದು ಸೀಮೆ ದಾಟಿ ಇನ್ನೊಂದಕ್ಕೆ ಕಾಲಿಡುವಾಗ, ಆಚೆಯ ಮರ ಮನೆ ಮಂದಿಯನ್ನೆಲ್ಲ ಕಂಪ್ಯೂಟರು ಹೊತ್ತು ತರುವ ತನಕ ಪರದೆ ಕಪ್ಪಾಗಿ, ಮೂಲೆಯಲ್ಲಿ ಒಂದು ಚಕ್ರ ಸುತ್ತುತ್ತಿತ್ತು. ಅದೇ ಲೋಡಿಂಗ್ ಪರದೆ. ಕಾಯುವವರಿಗೆ ಬೇಸರವಾಗದಿರಲೆಂದು ಆ ಕಪ್ಪಿನ ನಡುವೆ ಒಂದೊಂದು ಕಿವಿಮಾತು ಮೂಡುತ್ತಿತ್ತು. ‘ಕತ್ತಲ ಗುಹೆಗೆ ಹೋಗುವ ಮೊದಲು ದೀಪ ಇದೆಯೇ ನೋಡಿಕೋ.’ ‘ಎತ್ತರದಿಂದ ಹಾರುವ ಮೊದಲು ಕೆಳಗೆ ನೋಡು.’

ಈ ಸಾಲುಗಳನ್ನು ಬರೆಯುವುದೇ ನಮ್ಮವರ ಕೆಲಸ. ಅದರಿಂದಲೇ ಅವರಿಗೆ ಆ ಹೆಸರು ಬಿದ್ದಿತ್ತು. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಬಸ್ಸಿನಲ್ಲಿ ಕೂತರೆ ವಾಕರಿಕೆ ಬರುವವರಿದ್ದಾರಲ್ಲ, ಕಿವಿಮಾತಪ್ಪನವರದು ಅದಕ್ಕಿಂತ ಒಂದು ಕೈ ಮೇಲು. ಪರದೆಯ ಮೇಲೆ ಯಾರಾದರೂ ನಾಲ್ಕು ಹೆಜ್ಜೆ ನಡೆದರೆ ಇವರ ತಲೆ ತಿರುಗುತ್ತಿತ್ತು. ಓಡಿದರೆ ತಿಂದದ್ದು ಮೇಲೆ ಬರುತ್ತಿತ್ತು. ಬೆಟ್ಟ ಹತ್ತುವುದು ಹೇಗೆ, ಕರಡಿಯಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂದು ಊರಿಗೆಲ್ಲ ಹೇಳಿಕೊಟ್ಟವರು ಆ ಲೋಕದಲ್ಲಿ ಒಂದು ಬೀದಿಯನ್ನೂ ದಾಟಿದವರಲ್ಲ. ಆಡಿದವರನ್ನು ಕೇಳಿ ಕೇಳಿ ಬರೆಯುತ್ತಿದ್ದರು. ಅಷ್ಟು ದೊಡ್ಡ ಆಟದಲ್ಲಿ ಅಲುಗಾಡದ ಜಾಗ ಆ ಕಪ್ಪು ಪರದೆಯೊಂದೇ. ಮೂಲೆಯ ಚಕ್ರವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡುಬಿಟ್ಟರೆ ಅವರು ಅದನ್ನು ಎಷ್ಟು ಹೊತ್ತು ಬೇಕಾದರೂ ನೋಡಬಲ್ಲವರಾಗಿದ್ದರು.

ಆ ಪರದೆಯನ್ನೇ ಈಗ ತೆಗೆದುಹಾಕಿದ್ದರು. ಕೇಕು ತಂದಿದ್ದು ಅದಕ್ಕೇ.

ತೆಗೆದವಳು ಇಂಜಿನಿಯರಮ್ಮ. ಕಚೇರಿಗೆಲ್ಲ ಚಿಕ್ಕವಳಾದರೂ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ವರ್ಷವಿಡೀ ಕಣ್ಣು ಕೆಂಪು ಮಾಡಿಕೊಂಡು ದುಡಿದಿದ್ದ ಹುಡುಗಿ, ಚಾಕು ಕೈಯಲ್ಲಿ ಹಿಡಿದು ಹೇಳಿದಳು:

“ಸಂಜೆ ದುಡ್ಡು ಹಾಕೋ ಮೇಡಂ ನೋಡೋಕೆ ಬರ್ತಿದ್ದಾರೆ. ನಿಮ್ಮನ್ನೆಲ್ಲ ಒಂದೇ ಒಂದು ಕೇಳ್ಕೊಳ್ತೀನಿ. ಹೊಳೆ ಆಚೆಯ ಸೀಮೆಗೆ ಅಲ್ಲೀವರೆಗೂ ಯಾರೂ ಏನೂ ಸೇರಿಸ್ಬೇಡಿ. ಒಂದು ಎಲೆನೂ ಬೇಡ. ಭಾರ ಹೆಚ್ಚಾದ್ರೆ ಕಾಯೋದು ತಪ್ಪಲ್ಲ.”

ಹಾಗೆಂದು ಗೋಡೆಯ ದೊಡ್ಡ ಪರದೆ ಹಚ್ಚಿ, ಸದ್ದನ್ನು ಮಾತ್ರ ಸಂಜೆಗೆಂದು ಮುಚ್ಚಿಟ್ಟು, ಲೋಡಿಂಗ್ ಬದಲು ತಾನು ಮಾಡಿದ್ದೇನೆಂದು ತೋರಿಸಿದಳು. ಅದರಲ್ಲಿ ನೀರು ಅಲುಗಾಡಿದ್ದು ಕಂಡದ್ದೇ ತಡ, ಕಿವಿಮಾತಪ್ಪನವರು ಮುಖ ತಿರುಗಿಸಿ, ಗೋಡೆಗೆ ನೇತುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ನೋಡುತ್ತ ನಿಂತರು. ಅದರ ಮೇಲಿನ ಸೂಚನೆಯನ್ನು ಎರಡು ಸಲ ಓದಿದರು. ಚೆನ್ನಾಗಿ ಬರೆದಿದ್ದರು. ಹಿಂದೆ ಚಪ್ಪಾಳೆ ನಿಂತ ಮೇಲೆ ಈ ಕಡೆ ತಿರುಗಿದರು.

“ಹೇಗಿದೆ ಅಣ್ಣ?” ಎಂದಳು ಇಂಜಿನಿಯರಮ್ಮ, ಅವರನ್ನೇ ನೋಡುತ್ತ.

“ಚೆನ್ನಾಗಿದೆ ಕಣಮ್ಮ” ಎಂದರು. ಅವಳು ಇನ್ನೇನೋ ಕೇಳುವವಳಿದ್ದಳು. ಅಷ್ಟರಲ್ಲಿ ಯಾರೋ ತಟ್ಟೆ ಚಾಚಿದರು. ಕಿವಿಮಾತಪ್ಪನವರ ಪಾಲಿಗೆ ‘ಲ್ಲ’ ಎಂದಿದ್ದ ತುಂಡು ಬಂತು. ತಿಂದರು. ಬಿಸಾಡುವಷ್ಟು ಕಲ್ಲುಮನಸ್ಸು ಅವರದಲ್ಲ.

ಆಗಲೇ ಮ್ಯಾನೇಜರು ಬಂದು ಹೆಗಲ ಮೇಲೆ ಕೈಯಿಟ್ಟರು. “ಒಂದು ನಿಮಿಷ ಒಳಗೆ ಬರ್ತೀರಾ? ನಿಮ್ಮ ಜಾಗದ ವಿಷಯ ಮಾತಾಡ್ಬೇಕಿತ್ತು.”

“ಬಂದೆ ಸಾರ್, ಕೈ ತೊಳ್ಕೊಂಡು” ಎಂದು ಹೋದವರು, ಬಚ್ಚಲಿನ ಬಾಗಿಲು ಹಾಕಿಕೊಂಡು, ಬೆರಳು ಸುಕ್ಕುಗಟ್ಟುವ ತನಕ ಕೈ ತೊಳೆದರು. ಬೆಳಿಗ್ಗೆಯಿಂದಲೇ ಶಕುನ ಸರಿಯಿರಲಿಲ್ಲ. ಗೇಟಿನಲ್ಲಿ ಕಾವಲಿನ ತಾತ ಇವರ ಚೀಲ ನೋಡಿ, ತನ್ನ ತುಂಬುಗಂಟಲಿನಲ್ಲಿ, “ಭಾರ ಹೆಚ್ಚಾದರೆ ಓಡಲಾಗದು, ಬೇಡದ್ದನ್ನು ಕೆಳಗಿಡು” ಎಂದು ನಕ್ಕಿದ್ದ. ಅದು ಇವರದೇ ಸಾಲು. ಕಚೇರಿಯ ಒಳಗೇ ಯಾರೂ ನೆನಪಿಟ್ಟುಕೊಳ್ಳದ ಸಾಲು ಗೇಟಿನ ತಾತನಿಗೆ ಹೇಗೆ ತಿಳಿಯಿತೆಂದು ಆಗ ಹೊಳೆದಿರಲಿಲ್ಲ. ಈಗ ಅನ್ನಿಸಿತು, ತಾನು ಹೋಗುವ ಸುದ್ದಿ ಗೇಟಿನ ತನಕ ಮುಟ್ಟಿದೆ.

ಹೆಂಡತಿಗೆ ಫೋನ್ ಮಾಡಿದರು. ಆಕೆ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

“ಇವತ್ತು ನನ್ನ ಕೆಲಸ ಹೋಗುತ್ತೆ.”

“ಊಟದ ಡಬ್ಬಿ ಅಲ್ಲೇ ಬಿಟ್ಟು ಬರ್ಬೇಡಿ ಮತ್ತೆ. ಒಂದು ನಿಮಿಷ ಇರಿ, ಕೆಮ್ಮಿನವರು ಬಂದಿದ್ದಾರೆ.” ಆಚೆಯಿಂದ ಕೆಮ್ಮು, ಚಿಲ್ಲರೆ ಸದ್ದು. “ಹೂಂ, ಹೇಳಿ. ಯಾಕಂತೆ?”

“ಜನ ಇನ್ನು ಕಾಯೋದೇ ಬೇಡ್ವಂತೆ.”

“ಅದನ್ನ ನಮ್ಮಂಗಡಿಗೆ ಬಂದು ಹೇಳ್ರಿ. ಸಾಲು ರಸ್ತೆಗೆ ಹೋಗಿದೆ.” ಆಮೇಲೆ ದನಿ ತಗ್ಗಿಸಿದಳು. “ನೋಡಿ, ಬಚ್ಚಲಲ್ಲಿ ನಿಂತು ನನ್ನ ಹತ್ರ ಹೇಳಿದ್ರೆ ಏನ್ ಬಂತು? ಜೊತೆಯವರನ್ನ ಕೇಳಿ. ಬಾಯಿಬಿಟ್ಟು ಕೇಳಿದ್ರೆ ನಿಮಗೆ ಯಾರೂ ಇಲ್ಲ ಅನ್ನಲ್ಲ.”

ಆ ಮಾತು ನಿಜವಾಗಿತ್ತು. ಅನರ್ಥವಾದದ್ದೂ ಅದರಿಂದಲೇ.

ಕಿವಿಮಾತಪ್ಪನವರು ನೇರವಾಗಿ ಎಲೆಯಣ್ಣನ ಮೇಜಿಗೆ ಹೋದರು. ಆಟದ ಮರಗಳಿಗೆಲ್ಲ ಎಲೆ ಬಿಡಿಸುವವನು ಅವನು. ಆಡುವವರೆಲ್ಲ ಕರಡಿಯನ್ನು ನೋಡುತ್ತಾರೆ, ಕರಡಿಯ ಹಿಂದಿನ ಎಲೆಯನ್ನು ಯಾರು ನೋಡುತ್ತಾರೆ? ಅವನ ಮುಖದಲ್ಲಿ ಯಾವಾಗಲೂ ಶಿಶಿರ.

“ಆಚೆ ದಡದ ಮರಗಳು ಸ್ವಲ್ಪ ಬೋಳು ಅನ್ನಿಸಲ್ವೇನಪ್ಪ?”

“ನೀವು ನೋಡಿದ್ರಾ?” ಎಂದ ಎಲೆಯಣ್ಣ, ನಂಬಲಾರದೆ.

ಕಿವಿಮಾತಪ್ಪನವರಿಗೆ ಸುಳ್ಳು ಎರಡನೆಯ ಮಾತಿಗೇ ಮುಗಿದುಹೋಗುತ್ತಿತ್ತು. “ಇಲ್ಲ. ಭಾರ ಹೆಚ್ಚಾದ್ರೆ ಲೋಡಿಂಗ್ ಉಳಿಯುತ್ತೆ. ಲೋಡಿಂಗ್ ಉಳಿದ್ರೆ ನಾನು ಉಳೀತೀನಿ. ಅಷ್ಟೇ ವಿಷಯ.”

ಎಲೆಯಣ್ಣ ತನ್ನ ಕುರ್ಚಿ ಎಳೆದುಕೊಂಡು, “ಒಂದು ನಾಲ್ಕು ಎಲೆ ಹಾಕೋಣ ಬಿಡಿ ಅಣ್ಣ. ಯಾರಿಗೆ ಗೊತ್ತಾಗುತ್ತೆ” ಎಂದ.

ನಾಲ್ಕು ಎಲೆಗೇ ನಿಂತಿದ್ದರೆ ಈ ಕತೆಯೂ ಇರುತ್ತಿರಲಿಲ್ಲ. ಎಲೆಯಣ್ಣ ಗುಟ್ಟನ್ನು ಚಹದ ಹೊತ್ತಿನ ತನಕ ಕಾಪಾಡಿದ. ಚಹದ ಜೊತೆ ಅದು ಸದ್ದಕ್ಕನಿಗೆ ಹೋಯಿತು. ಗಾಳಿ, ಹಕ್ಕಿ, ಬಾಗಿಲು ಕಿರುಗುಟ್ಟುವುದು, ಆಟದ ಸದ್ದೆಲ್ಲ ಆಕೆಯದು. “ಪಾಪ, ನನಗೆ ಜ್ವರ ಬಂದಾಗ ಬಿಸಿನೀರು ತಂದಿಟ್ಟ ಮನುಷ್ಯ” ಎಂದು ಆಕೆ ಮೂಗೊರೆಸಿಕೊಂಡು, ಆಚೆ ದಡದ ಪ್ರತಿ ಹಕ್ಕಿಗೂ ಬೇರೆ ಬೇರೆ ಗಂಟಲು ಕೊಟ್ಟಳು. ಆಕೆಯಿಂದ ಸುದ್ದಿ ಮನೆ ಕಟ್ಟುವವನಿಗೆ ಮುಟ್ಟಿತು. ಬರೀ ಗೋಡೆ ಬಾಗಿಲುಗಳಿದ್ದ ಮನೆಗಳಿಗೆ ಅವನು ಅಡುಗೆಮನೆ ಇಟ್ಟ. ಅಡುಗೆಮನೆಗೆ ಪಾತ್ರೆ ಇಟ್ಟ. ಪಾತ್ರೆಗಳಿಗೆ ಒಂದೊಂದು ತಗ್ಗು ಬೀಳಿಸಿದ, ಬಳಸಿದ ಪಾತ್ರೆ ಅನ್ನಿಸಬೇಕಲ್ಲ. ಎಲೆಯಣ್ಣ ಎಲೆಗಳಿಗೆ ನರ ಬಿಡಿಸಿ ಮುಗಿಸಿ, ಹುಳು ತಿಂದ ತೂತು ಕೊರೆಯುವುದಕ್ಕೆ ಇಳಿದಿದ್ದ. ಆಟದ ಗಂಧವೇ ಇಲ್ಲದ ಲೆಕ್ಕದ ವಿಭಾಗದ ಹಿರಿಯರು ಕೂಡ ತಮ್ಮ ಬೆಕ್ಕಿನ ಫೋಟೋ ಹಿಡಿದು ಬಂದರು. “ಇವಳನ್ನೂ ಎಲ್ಲಾದ್ರೂ ಕೂರಿಸಿ. ಒಳ್ಳೇ ಭಾರ ಇದ್ದಾಳೆ” ಎಂದರು.

ತಾನೊಬ್ಬನೇ ತಾನೇ, ಅಷ್ಟರಿಂದ ಏನಾದೀತು ಎಂದು ಪ್ರತಿಯೊಬ್ಬರೂ ಅಂದುಕೊಂಡರು. ಕಿವಿಮಾತಪ್ಪನವರು ಹೋದಲ್ಲೆಲ್ಲ ಜನ ಕಣ್ಣಿನಲ್ಲೇ ಧೈರ್ಯ ಹೇಳಿದರು. ಅವರಿಗೆ ಒಂದೂ ಅರ್ಥವಾಗಲಿಲ್ಲ. ಅವರ ಗಮನವೆಲ್ಲ ಮ್ಯಾನೇಜರ ಮೇಲಿತ್ತು.

“ಬಿಡುವಾಯ್ತಾ?” ಎಂದು ಮ್ಯಾನೇಜರು ಪ್ರಿಂಟರ್ ಹತ್ತಿರ ಸಿಕ್ಕಾಗ, “ಕಾಗದ ಮುಗಿದಿದೆ ಸಾರ್” ಎಂದು ಸಾಮಾನಿನ ಕೋಣೆಗೆ ನುಗ್ಗಿದರು. ಮ್ಯಾನೇಜರೂ ಸಹಾಯಕ್ಕೆಂದು ಹಿಂದೆಯೇ ಬಂದಾಗ, ಕಾಗದದ ಕಟ್ಟನ್ನು ಅವರ ತೋಳಿನಲ್ಲಿ ಮಗುವಿನ ಹಾಗೆ ಮಲಗಿಸಿ, ತಾವು ಹೊರಗೆ ಬಂದುಬಿಟ್ಟರು.

ಊಟದ ಹೊತ್ತಿಗೆ ಇಂಜಿನಿಯರಮ್ಮ ಬಂದು ಎದುರಿಗೆ ಕೂತಳು. ತನ್ನ ಡಬ್ಬಿಯಲ್ಲಿದ್ದ ಪಲ್ಯದಲ್ಲಿ ಅರ್ಧ ಕೇಳದೆಯೇ ಇವರ ತಟ್ಟೆಗೆ ಹಾಕಿದಳು.

“ನನ್ನ ಕೈಕಾಲು ಆಡ್ತಿಲ್ಲ ಅಣ್ಣ.”

“ಎಲ್ಲಾ ಸರಿಹೋಗುತ್ತೆ ಬಿಡಮ್ಮ.”

“ಆ ಮೇಡಂ ಕಾಯೋ ಜಾತಿಯಲ್ಲ ಅಂತೆ. ಇನ್ನೊಂದು ಸಲ ಎಲ್ಲಾದ್ರೂ ಕಾಯಿಸಿದ್ರೆ ದುಡ್ಡು ನಿಲ್ಲಿಸ್ತೀನಿ ಅಂತ ಮ್ಯಾನೇಜರಿಗೆ ಹೇಳಿದ್ದಾರೆ. ದುಡ್ಡು ನಿಂತ್ರೆ ಆಟ ನಿಂತ ಹಾಗೆ. ನಾನು, ಎಲೆಯಣ್ಣ, ಸದ್ದಕ್ಕ, ಎಲ್ರೂ ಮನೆಗೆ.”

ಕಿವಿಮಾತಪ್ಪನವರು ಅಗಿಯುವುದನ್ನು ನಿಲ್ಲಿಸಿದರು.

“ಯಾಕಣ್ಣ, ಖಾರವಾ?”

“ಇಲ್ಲಮ್ಮ. ಚೆನ್ನಾಗಿದೆ.” ನುಂಗುವುದಕ್ಕೆ ಒಂದು ಲೋಟ ನೀರು ಬೇಕಾಯಿತು.

“ನೀವಂತೂ ಸಂಜೆ ಇರ್ಲೇಬೇಕು. ಮುಖ ತಿರುಗಿಸ್ಕೊಂಡಾದ್ರೂ ಸರಿ, ಕೇಳಿಸ್ಕೊಳ್ಳಿ. ನಿಮಗೊಂದು ಖುಷಿ ಇದೆ” ಎಂದು ಆಕೆ ಡಬ್ಬಿ ಮುಚ್ಚಿಕೊಂಡು ಎದ್ದಳು.

ಅಂಥ ಹುಡುಗಿಯ ವರ್ಷದ ದುಡಿಮೆಗೆ ತಾನು ಕಲ್ಲು ಹಾಕಿದೆನಲ್ಲ ಎಂದು ಕಿವಿಮಾತಪ್ಪನವರು ತಟ್ಟೆ ಬಿಟ್ಟು ಎದ್ದರು. ತನ್ನೊಬ್ಬನ ಕೆಲಸ ಹೋದರೆ ಹೋಗಲಿ, ಇಡೀ ಕಚೇರಿಯದು ಹೋಗುವುದು ಬೇಡ. ಎಲೆಯಣ್ಣನ ಹತ್ತಿರ ಓಡಿದರು.

“ಆ ನಾಲ್ಕು ಎಲೆ ತೆಗೆದುಬಿಡಪ್ಪ.”

“ನಾಲ್ಕಾ?” ಎಲೆಯಣ್ಣ ತನ್ನ ಪರದೆ ತಿರುಗಿಸಿದ. ಆಚೆ ದಡದಲ್ಲಿ ಬೆಳಕು ತೂರದಂಥ ಕಾಡು ಬೆಳೆದು ನಿಂತಿತ್ತು. ಗಾಳಿಗೆ ಅದು ಒಂದಿಷ್ಟು ಅಲುಗಿತು. ಕಿವಿಮಾತಪ್ಪನವರು ಮೇಜಿನ ಅಂಚು ಹಿಡಿದುಕೊಂಡರು.

“ತೆಗಿ ಮಾರಾಯ. ನನಗೋಸ್ಕರ ಏನೂ ಬೇಡ. ನಾನು ಹೋಗೋನು ಹೋಗ್ತೀನಿ.”

ಎಲೆಯಣ್ಣನ ಕಣ್ಣು ತುಂಬಿಬಂತು. ಪಕ್ಕದ ಮೇಜಿನ ಸದ್ದಕ್ಕನ ಕಡೆ ತಿರುಗಿ, “ನೋಡಕ್ಕ, ಎಂಥಾ ಮನುಷ್ಯ. ತಾನು ಮುಳುಗ್ತಿದ್ರೂ ಬೇಡ ಅಂತಿದ್ದಾರೆ” ಎಂದ. ಸದ್ದಕ್ಕ ಕಪ್ಪೆಗಳ ಕೂಗನ್ನೂ ಸೇರಿಸತೊಡಗಿದಳು. ಎಲೆಯಣ್ಣ ಇನ್ನೊಂದು ತೋಪು ನೆಟ್ಟ.

ಇವರು ಬೇಡ ಬೇಡವೆಂದು ಬೇಡಿದಷ್ಟೂ ಅವರ ಮನಸ್ಸು ಕರಗಿತು. ಮನಸ್ಸು ಕರಗಿದಷ್ಟೂ ಆಚೆ ದಡ ತುಂಬಿತು. ಉಳಿದದ್ದು ಒಂದೇ ದಾರಿ, ಇಂಜಿನಿಯರಮ್ಮನಿಗೆ ನಿಜ ಹೇಳುವುದು. ಹೇಳಿಯೇಬಿಡಬೇಕೆಂದು ಆಕೆಯ ಮೇಜಿನ ತನಕ ಹೋದರು. ಆಕೆ ಇರಲಿಲ್ಲ. ಮೇಡಂ ಹೇಳಿದ ಹೊತ್ತಿಗೆ ಮೊದಲೇ ಬಂದುಬಿಟ್ಟಿದ್ದಾರೆಂದು ಕೆಳಗೆ ಓಡಿದ್ದಳು.

ಮೇಡಂ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದರು. ನರೆತ ತಲೆ, ಎರಡು ಕೈಗೂ ಒಂದೊಂದು ಫೋನು. ಕೂರುವ ಮೊದಲೇ “ಶುರು ಮಾಡಿ” ಎಂದರು. ಎಲ್ಲರೂ ಗೋಡೆಗೆ ಸಾಲಾಗಿ ನಿಂತರು. ಕಿವಿಮಾತಪ್ಪನವರು ಸಿಲಿಂಡರಿನ ಪಕ್ಕ ತಮ್ಮ ಜಾಗ ಹಿಡಿದು, ಅದರ ಕಡೆ ಮುಖ ಮಾಡಿದರು.

ಫೋನುಗಳನ್ನು ಮೇಜಿಗಿಟ್ಟು, ಆಟ ನಡೆಸುವ ಕಂಟ್ರೋಲರ್ ಹಿಡಿದು, ದೊಡ್ಡ ಪರದೆಯ ಮೇಲೆ ಮೇಡಂ ಬೆಟ್ಟ ಇಳಿದರು, ಪೇಟೆ ಸುತ್ತಿದರು, ಹೊಳೆಯ ದಂಡೆಗೆ ಬಂದರು. ಮೊದಲಾದರೆ ಇಲ್ಲಿ ಪರದೆ ಕಪ್ಪಾಗಬೇಕಿತ್ತು. ಆಗಲಿಲ್ಲ. ಅಲ್ಲೊಂದು ದೋಣಿ ಕಾದಿತ್ತು. ಮೇಡಂ ಹತ್ತಿ ಕೂತರು. ದೋಣಿಯವನು ಹುಟ್ಟು ಹಾಕಿದ. ನೀರು ಚಳಪಳ ಎಂದಿತು. ಆಮೇಲೆ ತುಂಬುಗಂಟಲಿನ ಒಂದು ದನಿ ನಿಧಾನವಾಗಿ ಹೇಳಿತು:

“ಭಾರ ಹೆಚ್ಚಾದರೆ ಓಡಲಾಗದು. ಬೇಡದ್ದನ್ನು ಕೆಳಗಿಡು.”

ಕಿವಿಮಾತಪ್ಪನವರು ಸಿಲಿಂಡರನ್ನು ಹಿಡಿದುಕೊಂಡರು. ಅದು ಗೇಟಿನ ತಾತನ ದನಿ. ಮಾತು ತಮ್ಮದು.

“ಇದೇ ಅಣ್ಣ ನಾನು ಹೇಳಿದ್ದು” ಎಂದು ಇಂಜಿನಿಯರಮ್ಮ ಕಿವಿಯಲ್ಲಿ ಪಿಸುಗುಟ್ಟಿದಳು. “ಲೋಡಿಂಗ್ ಆಗೋ ಹೊತ್ತಿಗೆ ದೋಣಿ ಹೊಳೆ ದಾಟುತ್ತೆ. ನಿಮ್ಮ ಕಿವಿಮಾತು ಒಂದೂ ಬಿಟ್ಟಿಲ್ಲ, ಎಲ್ಲಾ ದೋಣಿಯವನ ಬಾಯಿಗೆ ಹಾಕಿದೀನಿ. ಕಾಯ್ತಿದೀವಿ ಅಂತ ಯಾರಿಗೂ ತಿಳಿಯೋದೇ ಇಲ್ಲ. ಅರ್ಧ ನಿಮಿಷಕ್ಕೆ ದಡ ಬರುತ್ತೆ ನೋಡಿ.”

ಅರ್ಧ ನಿಮಿಷ ಆಯಿತು. ದಡ ಬರಲಿಲ್ಲ. ದೋಣಿಯವನು ಗುಹೆಯ ದೀಪದ ಮಾತು ಹೇಳಿದ, ಎತ್ತರದಿಂದ ಹಾರುವ ಮಾತು ಹೇಳಿದ, ಕರಡಿಯ ಮಾತು ಹೇಳಿದ. ದಡ ಇದ್ದಲ್ಲೇ ಇತ್ತು. ಎಲೆಯಣ್ಣ ತನ್ನ ಕಾಲ ಹೆಬ್ಬೆರಳು ನೋಡಿಕೊಂಡ. ಸದ್ದಕ್ಕ ಮನೆ ಕಟ್ಟುವವನನ್ನು ನೋಡಿದಳು. ಅವನು ಲೆಕ್ಕದ ಹಿರಿಯರನ್ನು ನೋಡಿದ. ಅವರು ಬೆಕ್ಕಿನ ವಿಷಯ ಯಾರಿಗೂ ತಿಳಿಯದೆಂಬಂತೆ ಚಾವಣಿ ನೋಡಿದರು.

“ಯಾರು ಏನು ಸೇರಿಸಿದ್ದೀರಿ?” ಎಂದು ಇಂಜಿನಿಯರಮ್ಮ ತುಟಿ ಅಲುಗದಂತೆ ಕೇಳಿದಳು.

“ನಾಲ್ಕು ಎಲೆ” ಎಂದ ಎಲೆಯಣ್ಣ.

ಮೇಡಂ ಮುಂದಿದ್ದ ಒಂದು ಫೋನು ಬಡಿದುಕೊಂಡಿತು. ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ಮೇಡಂ ಅದನ್ನು ತೆಗೆದು ನೋಡಿ, ಬಾಯಿ ಮುಚ್ಚಿಸಿ, ಮಗುಚಿಟ್ಟರು.

“ಗಾಯವಾಗಿದ್ದರೆ ಒಂದೆಡೆ ಸುಮ್ಮನೆ ಕೂತಿರು” ಎಂದ ದೋಣಿಯವನು. “ಸ್ವಲ್ಪ ಹೊತ್ತಿಗೆ ತಾನಾಗಿಯೇ ಮಾಯುತ್ತದೆ.”

ಎರಡನೆಯ ಫೋನೂ ಮಗುಚಿಕೊಂಡಿತು. ಚಳಪಳ, ಚಳಪಳ. ದೂರದ ದಡದಿಂದ ಬೇರೆ ಬೇರೆ ಗಂಟಲಿನ ಹಕ್ಕಿಗಳು ಒಂದೊಂದಾಗಿ ಕೇಳಿಸತೊಡಗಿದವು. ಆಟದೊಳಗೆ ಹೊತ್ತು ಮುಳುಗಿ ಕಪ್ಪೆ ಕೂಗಿತು. ಮೇಡಂ ಮೇಜಿನ ಕೆಳಗೆ ಶೂ ಕಳಚಿದರು.

“ದಾರಿ ತಪ್ಪಿದರೆ ಹೆದರಬೇಡ. ಊರು ಎಲ್ಲಿಗೂ ಎದ್ದು ಹೋಗುವುದಿಲ್ಲ.”

ದೋಣಿಯವನಲ್ಲಿದ್ದ ಕಿವಿಮಾತುಗಳೆಲ್ಲ ಮುಗಿದು, ಅವನು ಮತ್ತೆ ಭಾರ ಹೆಚ್ಚಾದರೆ ಓಡಲಾಗದು ಎನ್ನುವಲ್ಲಿಗೆ ಬಂದಾಗ, ಮೇಡಂ ಕೈಯಲ್ಲಿದ್ದ ಕಂಟ್ರೋಲರನ್ನು ಕೆಳಗಿಟ್ಟು ಕೇಳಿದರು: “ಈ ಮಾತುಗಳನ್ನ ಬರೆದವ್ರು ಯಾರು?”

ಇಡೀ ಕಚೇರಿಯ ಬೆರಳು ಕಿವಿಮಾತಪ್ಪನವರ ಬೆನ್ನಿನ ಕಡೆ ಹೋಯಿತು. ಸಿಕ್ಕಿಬಿದ್ದೆವೆಂದು ತೋರಿಸಿದ ಬೆರಳಲ್ಲ ಅವು. ಮೆಚ್ಚಿಕೆ ಏನಾದರೂ ಇದ್ದರೆ ಅದು ಅವರಿಗೇ ಸಿಗಲಿ ಎಂದು.

“ನಾನೇ ಮೇಡಂ” ಎಂದರು ಕಿವಿಮಾತಪ್ಪನವರು ಸಿಲಿಂಡರಿಗೆ. “ತಪ್ಪೆಲ್ಲ ನಂದೇ. ಇವರದು ಏನೂ ಇಲ್ಲ.”

“ತಪ್ಪೇನು?” ಎಂದರು ಮೇಡಂ. “ಕಾಯೋದು ಇಷ್ಟು ಚೆನ್ನಾಗಿರುತ್ತೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ. ನಾನು ಹೀಗೆ ಸುಮ್ನೆ ಕೂತು ಎಷ್ಟು ಕಾಲವಾಯ್ತು.” ಶೂ ಹಾಕಿಕೊಳ್ಳುತ್ತ ಮ್ಯಾನೇಜರಿಗೆ ಹೇಳಿದರು: “ದುಡ್ಡು ಹಾಕ್ತೀನಿ. ಆದ್ರೆ ಈ ಬೆಟ್ಟ, ಕರಡಿ, ಓಡಾಟ ಎಲ್ಲಾ ಸಾಕು. ದೋಣಿ ಒಂದೇ ಇರ್ಲಿ. ಆಚೆ ದಡ ದೂರದಲ್ಲಿ ಕಾಣ್ತಾ ಇರ್ಲಿ, ಎಲೆ ಹಕ್ಕಿ ಹೀಗೇ ತುಂಬ್ತಾ ಇರಿ. ಮುಟ್ಟೋದು ಬೇಡ.”

ಅವರು ಹೋದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಎಲೆಯಣ್ಣನ ಮುಖದಲ್ಲಿ ಮೊದಲ ಸಲ ಚಿಗುರು ಕಂಡಿತು. ಯಾರ ಕೆಲಸವೂ ಹೋಗಿರಲಿಲ್ಲ. ಇಂಜಿನಿಯರಮ್ಮ ಮಾತ್ರ ಉಳಿದಿದ್ದ ಕೇಕಿನ ಚೂರು ತಿನ್ನುತ್ತ, “ಆ ದಡ ಬೇಗ ಲೋಡ್ ಆಗೋ ಹಾಗೆ ಮಾಡೋಕೆ ನನಗೆ ಒಂದು ವರ್ಷ ಹಿಡೀತು” ಎಂದಳು. “ಇನ್ನು ಅದು ಯಾವತ್ತೂ ಲೋಡ್ ಆಗದ ಹಾಗೆ ನೋಡ್ಕೋಬೇಕಂತೆ.”

ಮ್ಯಾನೇಜರು ಬಂದು ಕಿವಿಮಾತಪ್ಪನವರ ಕೈ ಹಿಡಿದು ಕುಲುಕಿದರು. ಈ ಸಲ ಓಡುವುದಕ್ಕೆ ಕಾರಣವಿರಲಿಲ್ಲ.

“ನಿಮ್ಮ ಜಾಗ ಅಲ್ಲಿ” ಎಂದು ದೊಡ್ಡ ಪರದೆಯ ಎದುರಿಗಿದ್ದ ಕುರ್ಚಿ ತೋರಿಸಿದರು. “ನಾಳೆಯಿಂದ ದಿನವೆಲ್ಲ ದೋಣಿಯಲ್ಲಿ ಕೂತೇ ಬರೀಬೇಕು. ಮಾತು ಅಲೆಯ ಜೊತೆಗೇ ಏಳ್ಬೇಕು, ಬೀಳ್ಬೇಕು ಅಂತ ಮೇಡಂ ಮೆಟ್ಟಿಲಿಳೀತಾ ಹೇಳಿಹೋದ್ರು.”

ಪರದೆಯಲ್ಲಿ ನೀರು ಇನ್ನೂ ಅಲುಗುತ್ತಿತ್ತು. ಕಿವಿಮಾತಪ್ಪನವರು ಒಂದು ಸಲ ನೋಡಿ, ಒಂದು ಸಲ ನುಂಗಿಕೊಂಡರು.

“ಬೆಳಿಗ್ಗೆ ನೀವು ಏನೋ ಹೇಳ್ಬೇಕು ಅಂತಿದ್ರಿ ಸಾರ್.”

“ಅಯ್ಯೋ, ಅದಾ? ಈಗ ಬಿಡಿ ಅದು. ನಿಮಗೆ ಈ ಅಲುಗಾಟ ಆಗಲ್ಲ ಅಂತ ನನಗೆ ಗೊತ್ತಿರ್ಲಿಲ್ವಾ? ಲೋಡಿಂಗ್ ಪರದೆ ಹೋಯ್ತಲ್ಲ, ಅದಕ್ಕೆ ಪೇಟೆಯ ಅಂಗಡಿ ಬೋರ್ಡು, ಮೈಲಿಗಲ್ಲು, ಗೋರಿ ಕಲ್ಲಿನ ಬರಹ, ಎಲ್ಲಾ ನಿಮಗೇ ಕೊಡೋಣ ಅಂತಿದ್ದೆ. ಒಂದೂ ಅಲುಗಾಡಲ್ಲ. ಕಿಟಕಿ ಪಕ್ಕದ ಮೇಜೂ ಒರೆಸಿಟ್ಟಿದ್ದೆ.” ಮ್ಯಾನೇಜರು ನಕ್ಕರು. “ದಿನವೆಲ್ಲ ಕರೆದೆ. ನೀವು ಸಿಗ್ಲೇ ಇಲ್ಲ. ಈಗ ಪೇಟೆಯೇ ಇಲ್ಲ, ಬೋರ್ಡೆಲ್ಲಿಂದ ಬಂತು?”

ಕಿವಿಮಾತಪ್ಪನವರು ಆ ಕಿಟಕಿಯ ಕಡೆ ನೋಡಿದರು. ಮೇಜಿನ ಮೇಲೆ ಆಗಲೇ ಲೆಕ್ಕದ ಹಿರಿಯರು ತಮ್ಮ ಬೆಕ್ಕಿನ ಫೋಟೋ ನಿಲ್ಲಿಸಿದ್ದರು.

ಮರುದಿನ ಅವರು ಬರುವಷ್ಟರಲ್ಲಿ ಹೊಸ ಕುರ್ಚಿಯ ಪಕ್ಕ ಎಲೆಯಣ್ಣ ಒಂದು ಹಸಿರು ಬಕೆಟ್ ತಂದಿಟ್ಟಿದ್ದ. ಸದ್ದಕ್ಕ ನಿಂಬೆಹಣ್ಣು ಕೊಯ್ದು ತಟ್ಟೆಯಲ್ಲಿಟ್ಟಿದ್ದಳು. ಹೆಂಡತಿ ಊಟದ ಡಬ್ಬಿಯ ಮೇಲಿನ ಅಂತಸ್ತಿನಲ್ಲಿ ವಾಂತಿಯ ಮಾತ್ರೆ ಹಾಕಿ ಕಳಿಸಿದ್ದಳು. ಎಲ್ಲರೂ ಅಷ್ಟು ಅಕ್ಕರೆ ತೋರಿಸುವಾಗ ಬೇಡವೆನ್ನುವುದು ಹೇಗೆ? ಕಿವಿಮಾತಪ್ಪನವರು ದೋಣಿ ಹತ್ತಿದರು. ಹುಟ್ಟು ಬಿತ್ತು. ಹೊಸ ಕೆಲಸದ ಮೊದಲ ಕಿವಿಮಾತನ್ನು ಒಂದೇ ಉಸಿರಿನಲ್ಲಿ ಬರೆದು ಮುಗಿಸಿದರು:

‘ದೋಣಿಯಲ್ಲಿ ತಲೆ ತಿರುಗಿದರೆ ದೂರದ ದಡವನ್ನೇ ನೋಡುತ್ತಿರು. ದಡ ಸೇರಿದ ಕೂಡಲೇ ಎಲ್ಲ ಸರಿಹೋಗುತ್ತದೆ.’

ಬರೆದದ್ದನ್ನು ಇನ್ನೊಂದು ಸಲ ಓದಿಕೊಂಡು, ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು.